ಫರಶಿ ಕಾಕಾ ಹೇಳಿದ ‘ಇಲ್ಲ’

ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದು ಇವತ್ತಿಗೂ ಒಂದು ಫರಶಿ ಹಾಸುಗಲ್ಲಿನ ಮೇಲೆ. ಮೊಳ ಉದ್ದ, ಮೊಳ ಅಗಲ, ನಾಲ್ಕೂ ಅಂಚು ಚಾಣದಿಂದ ಕೈಯಲ್ಲೇ ತಿದ್ದಿದ್ದು. ಸೊಸೆ ಬಂದ ಹೊಸದರಲ್ಲಿ, ‘ಇದ್ಯಾಕ್ರಿ ಅತ್ತಿ, ಗ್ರಾನೈಟ್ ಕಟ್ಟಿ ಅದಲ್ಲ’ ಎಂದು ಅದನ್ನು ಹಿತ್ತಲಿಗೆ ಸಾಗಿಸಲು ನೋಡಿದಳು. ನಾನು ಬಿಡಲಿಲ್ಲ. ರೊಟ್ಟಿ ಮುಗಿದ ಮೇಲೆ ಆ ಕಲ್ಲಿಗೆ ನೀರು ಹೊಯ್ದರೆ ತಣ್ಣನೆಯ, ಸ್ವಲ್ಪ ಸುಣ್ಣದಂಥ ವಾಸನೆ ಏಳುತ್ತದೆ. ಶಹಾಬಾದಿನಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಳೆದ ವಾರ ಹೀಗೇ ಕಲ್ಲು ತೊಳೆಯುತ್ತಿದ್ದಾಗ ಸಮೀಕ್ಷೆ ಮಾಡುವ ಹುಡುಗಿಯೊಬ್ಬಳು ಬಾಗಿಲಿಗೆ ಬಂದಳು. ಆಕೆಯ ಮಾತು ಆಮೇಲೆ ಹೇಳುತ್ತೇನೆ. ಆಕೆಯ ಮಾತಿನಿಂದ ಈ ಕಲ್ಲು ಕೊಟ್ಟವನ ನೆನಪು ಬಂತು, ಅದರ ಹಿಂದೆಯೇ ಸಿಟ್ಟು ಬಂತು. ಸಿಟ್ಟು ಇಳಿಯುವ ಮುಂಚೆ ಬರೆದುಬಿಡಬೇಕೆಂದು ಕುಳಿತಿದ್ದೇನೆ.

ನನ್ನ ಮೊದಲ ನೌಕರಿ ವಾಡಿಯಿಂದ ಚಿತ್ತಾಪುರಕ್ಕೆ ಹೋಗುವ ದಾರಿಯ ಒಂದು ಹಳ್ಳಿಯ ಶಾಲೆಯಲ್ಲಿ. ಹಳ್ಳಿಯ ಹೆಸರು ಬೇಡ. ಶಾಲೆಯ ಮೂರು ಕಡೆ ಫರಶಿ ಖಣಿಗಳು, ನಾಲ್ಕನೆಯ ಕಡೆ ತೊಗರಿ ಹೊಲ. ಎರಡು ಕೋಣೆ, ಮಣ್ಣಿನ ನೆಲ. ಮಕ್ಕಳು ಎದ್ದರೆ ಧೂಳು, ಕೂತರೆ ಧೂಳು. ನಾನು ಸೇರಿದ ವರ್ಷವೇ ಖಣಿಯ ಸಾವುಕಾರರು ಶಾಲೆಗೆ ಫರಶಿ ದಾನ ಕೊಟ್ಟರು. ಅವರ ಹೆಸರು ಕೆತ್ತಿದ ಕಲ್ಲು ಈಗಲೂ ಆ ಗೋಡೆಯಲ್ಲಿದೆ. ಇಪ್ಪತ್ತು ದಿನ ಮಂಡಿಯೂರಿ ಆ ನೆಲ ಹಾಸಿದವನ ಹೆಸರು ಎಲ್ಲೂ ಇಲ್ಲ. ಮಕ್ಕಳು ಅವನನ್ನು ಫರಶಿ ಕಾಕಾ ಎಂದು ಕರೆದರು, ನಾನೂ ಹಾಗೇ ಕರೆದೆ.

ಗಿಡ್ಡನೆಯ ಆಳು. ಕಲ್ಲಿನ ಚೂರು ಸಿಡಿದು ಎಡ ಹುಬ್ಬು ಎರಡು ತುಂಡಾಗಿತ್ತು. ಸಂತೆಯಲ್ಲಿ ಮಡಿಕೆ ಕೊಳ್ಳುವ ಹೆಂಗಸರಂತೆ ಪ್ರತಿ ಫರಶಿಯನ್ನೂ ಬೆರಳ ಗಣ್ಣಿನಿಂದ ತಟ್ಟಿ, ತಲೆ ವಾಲಿಸಿ ಕೇಳುತ್ತಿದ್ದ. ಒಳಗೆ ಬಿರುಕಿದ್ದರೆ ಸಪ್ಪಳದಲ್ಲೇ ಗೊತ್ತಾಗುತ್ತಿತ್ತಂತೆ. ಅದನ್ನು ನೋಡಿ ನನ್ನ ಎರಡನೇ ಇಯತ್ತೆಯ ಮಕ್ಕಳು ಒಬ್ಬರ ತಲೆ ಒಬ್ಬರು ತಟ್ಟಿ, ‘ಇದು ಒಳಗ ಖಾಲಿ ಅದ’ ಎಂದು ತೀರ್ಪು ಕೊಡತೊಡಗಿದರು. ಒಂದು ದಿನ ನನ್ನ ಬೆನ್ನ ಹಿಂದೆ ಹೆಡ್‌ಮಾಸ್ತರರ ತಲೆಯ ಬಗ್ಗೆಯೂ ಅದೇ ತೀರ್ಪು ಬಂತು. ನಾನು ಬೈಯಲು ಹೋಗಿ ನಕ್ಕುಬಿಟ್ಟೆ.

ಶಾಲೆಯ ಪಕ್ಕದ ಒಂದು ಕೋಣೆಯಲ್ಲಿ ನಾನಿದ್ದೆ. ಸಂಸಾರ ಇನ್ನೂ ಹೂಡಿರಲಿಲ್ಲ, ಮಗುಚಿ ಹಾಕಿದ ಸ್ಟೀಲ್ ತಾಟಿನ ಮೇಲೆ ರೊಟ್ಟಿ ಬಡಿಯುತ್ತಿದ್ದೆ. ಒಂದು ದಿನ ಕಾಕಾ ಈ ಕಲ್ಲನ್ನು ತಲೆಯ ಮೇಲೆ ಹೊತ್ತು ತಂದು ಹೊಸ್ತಿಲ ಮುಂದೆ ಇಳಿಸಿದ.

‘ತಾಟಿನ ಮ್ಯಾಲ ರೊಟ್ಟಿ ಬಡೀತಾರೇನ್ರಿ ಟೀಚರ್? ಆ ಸಪ್ಪಳಕ್ಕ ಖಣ್ಯಾಗ ನಮ್ಮ ಕೈ ತಪ್ಪಾಕತ್ತದ.’

ನಾನು ಏನಾದರೂ ಕೊಡಲು ಹೋದೆ. ಬೇಡವೆಂದ. ‘ಒಡದ ಕಲ್ಲಿನ ತುಕಡಿರಿ. ಸಾವುಕಾರನ ಲೆಕ್ಕದಾಗ ಇಲ್ಲ, ನಂದೇ’ ಎಂದ. ಆ ‘ನಂದೇ’ ಎನ್ನುವಾಗ ಅವನ ಮುಖದಲ್ಲಿದ್ದ ಗತ್ತು ನನಗೆ ಅವತ್ತು ತಮಾಷೆಯಾಗಿ ಕಂಡಿತ್ತು. ಅವನ ಕೈ ಮುಟ್ಟಿದ್ದರಲ್ಲಿ ಸಾವುಕಾರನ ಲೆಕ್ಕಕ್ಕೆ ಸೇರದ ವಸ್ತು ಅದೊಂದೇ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು.

ಖಣಿಯ ಅಂಚಿನಲ್ಲಿ ಒಡೆದ ಫರಶಿಗಳನ್ನೇ ಒಂದರ ಮೇಲೊಂದು ಪೇರಿಸಿದ ಹನ್ನೆರಡು ಗುಡಿಸಲುಗಳಿದ್ದವು. ಅಲ್ಲಿದ್ದವರೆಲ್ಲ ಚಿಂಚೋಳಿಯ ಆಚೆಯ ಗಡಿ ಊರುಗಳಿಂದ ಬಂದವರು, ತಮ್ಮೊಳಗೆ ತೆಲುಗು ಮಾತಾಡುವವರು. ಅಲ್ಲಿ ಜನರನ್ನು ಎಣಿಸುತ್ತಿದ್ದುದು ಎತ್ತುಗಳ ಹಾಗೆ, ಜೋಡಿ ಲೆಕ್ಕದಲ್ಲಿ. ಗಂಡ ಕಲ್ಲು ಎಬ್ಬಿಸಬೇಕು, ಹೆಂಡತಿ ಹೊರಬೇಕು. ಹನ್ನೆರಡು ಗುಡಿಸಲು, ಹನ್ನೆರಡು ಜೋಡಿ. ಅವರ ಮೇಲೆ ಒಬ್ಬ ಮುಕಾದಮ. ಕಾಕಾನ ಅಪ್ಪ ಕಾಯಿಲೆ ಬಿದ್ದಾಗ ತೆಗೆದುಕೊಂಡ ಯಾವುದೋ ಹಣಕ್ಕೆ ಕಾಕಾ ಮತ್ತು ಅವನ ಹೆಂಡತಿ ಕಾಕು ಅಲ್ಲಿ ದುಡಿಯುತ್ತಿದ್ದರು. ಜೋಳ ಅಕ್ಕಿ ಸಾವುಕಾರರ ಮನೆಯಿಂದ ಬರುತ್ತಿತ್ತು, ವರ್ಷಕ್ಕೊಂದು ಸಲ ಬಟ್ಟೆ ಬರುತ್ತಿತ್ತು, ಕೈಗೆ ಕಾಸು ಬರುತ್ತಿರಲಿಲ್ಲ. ಬಾಕಿ ಎಷ್ಟು ಉಳಿದಿದೆ ಎಂದು ಅವನೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಆದರೆ ಬೇಲಿ ಇರಲಿಲ್ಲ, ಬೀಗ ಇರಲಿಲ್ಲ. ಊರಿಗೆ ಹೋಗಬೇಕೆಂದವರು ಹೋಗಬಹುದಿತ್ತು. ಕಟ್ಟಳೆ ಒಂದೇ. ಜೋಡಿಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಇಲ್ಲೇ ಇರಬೇಕು. ಕಾಕು ತನ್ನ ತಾಯಿಯ ಮಣ್ಣಿಗೆ ಒಬ್ಬಳೇ ಹೋಗಿದ್ದಳು, ಕಾಕಾ ತಮ್ಮನ ಮದುವೆಗೆ ಒಬ್ಬನೇ ಹೋಗಿದ್ದ. ಖಣಿಗೆ ಬಂದಮೇಲೆ ಗಂಡಹೆಂಡತಿ ಇಬ್ಬರೂ ಒಂದೇ ಬಸ್ಸಿನಲ್ಲಿ ಒಮ್ಮೆಯೂ ಕೂತಿರಲಿಲ್ಲ. ಅವರ ಒಬ್ಬಳೇ ಮಗಳು ಊರಲ್ಲಿ ಕಾಕಾನ ಅವ್ವನ ಹತ್ತಿರ ಬೆಳೆಯುತ್ತಿದ್ದಳು. ಅವಳು ಅಪ್ಪ ಅವ್ವನನ್ನು ಒಟ್ಟಿಗೆ ಕಂಡದ್ದು ತೊಡೆಯ ಮೇಲಿದ್ದಾಗ ಮಾತ್ರ. ಇಷ್ಟೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಅದಕ್ಕೆ ಒಂದು ಹೆಸರು ಕೊಟ್ಟಿರಲಿಲ್ಲ. ‘ದುಡೀಲಾಕ ಅದಾರ’ ಎನ್ನುತ್ತಿದ್ದರು ಊರವರು, ನಾನೂ ಹಾಗೇ ಎನ್ನುತ್ತಿದ್ದೆ.

ಆಗ ಬಂತು ಸಮೀಕ್ಷೆ. ಜೀತ ಪದ್ಧತಿ ರದ್ದಾಗಿ ಎಷ್ಟೋ ವರ್ಷ ಕಳೆದಿದ್ದವು, ಇನ್ನೂ ಎಲ್ಲಾದರೂ ಉಳಿದಿದೆಯೇ ನೋಡಿ ಎಂದು ಮೇಲಿನಿಂದ ಆದೇಶ. ನೋಡುವವರು ಯಾರು? ಮಾಸ್ತರರು. ಜನಗಣತಿಗೆ ಮಾಸ್ತರರು, ದನಗಣತಿಗೆ ಮಾಸ್ತರರು, ಮಧ್ಯೆ ಸಮಯ ಸಿಕ್ಕರೆ ಪಾಠಕ್ಕೂ ಅವರೇ. ತರಬೇತಿ ಎಂದು ಕರೆದು ಉಪ್ಪಿಟ್ಟು ಕೊಟ್ಟು, ‘ಅವರು ಹೇಳಿದ್ದು ಬರೀರಿ, ನಿಮ್ಮ ಕಡೆಯಿಂದ ಏನೂ ಸೇರಿಸಬ್ಯಾಡ್ರಿ’ ಎಂದು ಕಳಿಸಿದರು. ಫಾರಂ ಮೇಲೆ ‘ಕುಟುಂಬದಲ್ಲಿ ಯಾರಾದರೂ ಜೀತಕ್ಕೆ ಇರುವರೇ?’ ಎಂಬ ಪ್ರಶ್ನೆ, ಅದರ ಮುಂದೆ ಎರಡು ಚೌಕ: ಹೌದು, ಇಲ್ಲ.

ಬಿಸಿಲಲ್ಲಿ ಮನೆ ಮನೆ ತಿರುಗಿ, ಖಣಿಯ ಗುಡಿಸಲುಗಳಿಗೆ ಬರುವಷ್ಟರಲ್ಲಿ ಆ ಪ್ರಶ್ನೆ ನನ್ನ ಬಾಯಲ್ಲಿ ಸವೆದು ಸಣ್ಣದಾಗಿತ್ತು. ಮುಕಾದಮ ಪಕ್ಕದಲ್ಲೇ ನಿಂತಿದ್ದ. ಎಲ್ಲರೂ ಊಟಕ್ಕೆ ಕೂತಿದ್ದರು.

‘ಕಾಕಾ, ಜೀತ ಅದನೋ ಇಲ್ಲೋ?’ ಎಂದೆ.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದ. ಆಮೇಲೆ ನಕ್ಕ.

‘ಜೀತಾ? ನಮಗೆಲ್ಲಿ ಜೀತರಿ ಟೀಚರ್! ಜೀತ ನಿಮ್ಮಂಥೋರಿಗಿ ಇರ್ತದ.’

ಹನ್ನೆರಡೂ ಜೋಡಿ ನಕ್ಕವು. ಎಲ್ಲರಿಗಿಂತ ಜೋರಾಗಿ ಮುಕಾದಮ ನಕ್ಕ. ನಾನೂ ನಕ್ಕೆ. ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿ, ಅವನ ಹೆಬ್ಬೆರಳು ಒತ್ತಿಸಿಕೊಂಡು ಬಂದೆ. ಶಾಲೆಯಲ್ಲಿ ಈ ಮಾತು ಹೇಳಿದಾಗ ಹೆಡ್‌ಮಾಸ್ತರರು, ‘ಖರೇನೇ ಅಂದಾನವ್ವ, ಈ ಬಿಸಲಾಗ ಮನಿಮನಿ ತಿರಗೋ ನಾವೇ ಜೀತದಾಳು’ ಎಂದು ಹೊಟ್ಟೆ ಹಿಡಿದು ನಕ್ಕರು. ಎಷ್ಟೋ ದಿನ ನಾನು ಇದನ್ನು ಬಂದವರಿಗೆಲ್ಲ ಹೇಳಿ ನಗಿಸಿದ್ದೇನೆ...

ಬೇಸಿಗೆಯ ಮುಂಚೆ ಕಾಕಾನ ಮಗಳ ಲಗ್ನ ಗೊತ್ತಾಯಿತು. ಅವನು ಸಂಜೆ ಶಾಲೆ ಬಿಡುವ ಹೊತ್ತಿಗೆ ಬಂದು ತಾನೇ ಹಾಸಿದ ನೆಲದ ಮೇಲೆ ಕೂತ. ಅವರಲ್ಲಿ ಅಳಿಯನ ಕಾಲು ತೊಳೆಯುವ ಶಾಸ್ತ್ರ ದೊಡ್ಡದು. ತಾಯಿ ನೀರು ಹೊಯ್ಯಬೇಕು, ತಂದೆ ತೊಳೆಯಬೇಕು. ಒಬ್ಬರಿಂದ ಆಗುವ ಕೆಲಸವಲ್ಲ.

‘ನಾಕ ದಿನ ಇಬ್ರೂ ಹೋಗಿ ಬರ್ತೀವ್ರಿ ಟೀಚರ್. ಓಡಿ ಹೋಗಂಗಿಲ್ಲ. ನೀವು ಒಂದ್ ಮಾತು ಸಾವುಕಾರ್ರಿಗಿ ಹೇಳ್ರಿ.’

ಹೇಳಿದೆ. ಸಾವುಕಾರರು ದೊಡ್ಡ ಮನುಷ್ಯರು, ದನಿ ಏರಿಸಿ ಮಾತಾಡಿದ್ದನ್ನು ನಾನು ಕೇಳಿಲ್ಲ. ‘ಬರ್ರಿ ಟೀಚರ್, ಕುಂದ್ರಿ’ ಎಂದು ಚಹಾ ತರಿಸಿದರು. ಶಾಲೆಯ ನೆಲ ಹೇಗಿದೆ ಎಂದು ವಿಚಾರಿಸಿದರು. ಕಾಯಕದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಿದರು. ಕಾಯಕ ಮಾಡುವವರಿಗೆ ಅದರ ಮಹತ್ವ ಗೊತ್ತೇ ಇರುತ್ತದೆ, ಮಾಡಿಸುವವರೇ ಅದನ್ನು ಹೇಳಿ ಹೇಳಿ ದಣಿಯುತ್ತಾರೆ. ಕೊನೆಗೆ, ‘ಅವರು ನಮ್ಮ ಮನಿ ಮಂದಿ. ಒಬ್ರು ಹೋಗ್ಲಿ, ಯಾರು ಬ್ಯಾಡ ಅಂದಾರ?’ ಎಂದರು. ಇಬ್ಬರೂ ಹೋಗಲಿ ಎಂದೆ. ಅವರು ನಗುತ್ತಲೇ ನನ್ನ ಚಹಾ ಆರುತ್ತಿದೆ ಎಂದರು.

ಇದು ಜೀತವೇ ಎಂದು ಆಗ ನನಗೆ ಖಾತ್ರಿಯಾಯಿತು, ಮರುದಿನ ರಜೆ ಹಾಕಿ ತಾಲೂಕು ಕಚೇರಿಗೆ ಹೋದೆ. ನನಗೆ ವಯಸ್ಸು ಸಣ್ಣದು, ಕಾನೂನಿನ ಮೇಲೆ ನಂಬಿಕೆ ದೊಡ್ಡದು. ಜೀತದಿಂದ ಬಿಡುಗಡೆ ಎಂಬ ಪತ್ರವೊಂದನ್ನು ಕೊಟ್ಟುಬಿಟ್ಟರೆ ಬಾಕಿಯೂ ಇಲ್ಲ, ಕಟ್ಟಳೆಯೂ ಇಲ್ಲ, ಇಬ್ಬರೂ ಎದ್ದು ಬಸ್ ಹತ್ತಬಹುದು ಎಂದು ತರಬೇತಿಯಲ್ಲಿ ಅವರೇ ಹೇಳಿದ್ದರು. ಅಧಿಕಾರಿ ಪೂರ್ತಿ ಕೇಳಿದರು. ಆಮೇಲೆ ಗುಮಾಸ್ತನಿಂದ ಒಂದು ಕಟ್ಟು ಬಿಚ್ಚಿಸಿ ಒಂದು ಹಾಳೆ ತೆಗೆಸಿ ನನ್ನ ಮುಂದಿಟ್ಟರು.

‘ಇದು ನಿಮ್ಮ ಅಕ್ಷರ ಅಲ್ಲೇನ್ರಿ?’

ನನ್ನದೇ. ‘ಇಲ್ಲ’ ಎಂಬ ಚೌಕದಲ್ಲಿ ನನ್ನದೇ ಗುರುತು, ಅದರ ಕೆಳಗೆ ಕಾಕಾನ ಹೆಬ್ಬೆರಳು. ಮನುಷ್ಯ ತಾನೇ ಇಲ್ಲ ಎಂದು ಒತ್ತಿದ ಮೇಲೆ ತಾವೇನು ಮಾಡಬೇಕು ಎಂದು ಕೇಳಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಕೈಗೆ ಬಾಗಿಲ ಕೀಲಿ ಕೊಟ್ಟವಳು ನಾನೇ ಆಗಿದ್ದೆ.

ಆ ಸಿಟ್ಟನ್ನೆಲ್ಲ ತಂದು ಕಾಕಾನ ಮೇಲೆ ಸುರಿದೆ. ‘ಯಾಕ ಇಲ್ಲ ಅಂದಿ ಕಾಕಾ? ಮುಕಾದಮಗ ಅಂಜಿದೇನು? ನಿನ್ನ ಬಾಯಿಂದ ನೀನೇ ಕೆಡಿಸಿಕೊಂಡಿ’ ಎಂದು ಖಣಿಯ ದಂಡೆಯ ಮೇಲೆ ಕೂಗಾಡಿದೆ. ಅವನು ಸುತ್ತಿಗೆ ಕೆಳಗಿಟ್ಟು ನಿಂತ. ‘ನಾ ಸುಳ್ಳು ಹೇಳಿಲ್ರಿ’ ಎಂದ. ಮತ್ತೆ ಅದೇ, ‘ಸುಳ್ಳು ಹೇಳಿಲ್ರಿ ಟೀಚರ್’. ಅಂಜುಬುರುಕ ಎಂದುಕೊಂಡು ನಾನು ಹಿಂದಿರುಗಿ ನೋಡದೆ ಬಂದೆ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಹೇಸಿಕೆಯಾಗುತ್ತದೆ.

ಮಗಳಿಗೆ ಅವ್ವ ಬೇಕು ಎಂದು ಕಾಕಾ ಖಣಿಯಲ್ಲಿ ಉಳಿದ. ಕಾಕುವಿನ ಜೊತೆ ನಾನು ಹೋದೆ. ಸೇಡಂನಲ್ಲಿ ಒಂದು ಬಸ್ಸು, ಚಿಂಚೋಳಿಯಲ್ಲಿ ಇನ್ನೊಂದು. ಚಂದ್ರಂಪಳ್ಳಿ ಡ್ಯಾಮಿನ ನೀರು ಕಂಡಾಗ ಕಾಕು ಕಿಟಕಿಯಿಂದ ಕೈ ಮುಗಿದಳು. ಗಂಡನ ಅಂಗಿಯೊಂದನ್ನು ಮಡಚಿ ತಂದಿದ್ದಳು, ಹಸೆಯ ಮೇಲೆ ಪಕ್ಕದಲ್ಲಿಟ್ಟುಕೊಂಡು ಕೂರಬಹುದೇ ಎಂದು ಕೇಳಲು. ಹಿರಿಯರು ಒಪ್ಪಲಿಲ್ಲ. ಅಳಿಯನ ಕಾಲನ್ನು ಕಾಕಾನ ತಮ್ಮ ತೊಳೆದ, ಅವನ ಹೆಂಡತಿ ನೀರು ಹೊಯ್ದಳು. ಹೆತ್ತವಳು ಬೀಗರ ಹೆಂಗಸರ ಹಿಂದೆ ನಿಂತು, ಕಾಲ ಬೆರಳ ಮೇಲೆ ಎದ್ದು ಎದ್ದು ನೋಡಿದಳು.

ಊಟಕ್ಕೆ ಕೂತಾಗ ಪಕ್ಕದ ಮುದುಕಿಯೊಬ್ಬಳು ನನ್ನ ಸೀರೆ, ನನ್ನ ಕೈಗಡಿಯಾರ ಎಲ್ಲ ನೋಡಿ ಅಕ್ಕರೆಯಿಂದ ಕೇಳಿದಳು: ‘ಟೀಚರಮ್ಮಾ, ನೆಲಕು ಜೀತಂ ಎಂತ?’

ನನಗೆ ಜೀತ ಎಂಬ ಒಂದೇ ಶಬ್ದ ತಿಳಿಯಿತು. ನಾನ್ಯಾಕೆ ಜೀತಕ್ಕಿರಲಿ ಎಂದು ಮುಖ ಗಂಟಿಕ್ಕಿದೆ. ಕಾಕು ಅಷ್ಟು ದುಃಖದಲ್ಲೂ ಸೆರಗು ಬಾಯಿಗಿಟ್ಟು ನಕ್ಕಳು. ‘ಪಗಾರ್ರಿ ಟೀಚರ್. ತಿಂಗಳಿಗಿ ಪಗಾರ ಎಷ್ಟು ಅಂತ ಕೇಳಾಕತ್ತಾಳ. ನಮ್ಮಲ್ಲಿ ಪಗಾರಕ್ಕ ಜೀತ ಅಂತೀವಿ.’

ಎಲೆಯ ಮೇಲೆ ಹುಗ್ಗಿ ಇತ್ತು. ನಾನು ಅದನ್ನು ನೋಡುತ್ತ ಕುಳಿತೆ. ಅವನ ಕಿವಿಗೆ ನಾನು ಕೇಳಿದ್ದು ಸಂಬಳ ಇದೆಯೋ ಇಲ್ಲವೋ ಎಂದು. ನಮಗೆಲ್ಲಿ ಪಗಾರ, ಪಗಾರ ನಿಮ್ಮಂಥವರಿಗಿರುತ್ತದೆ ಎಂದು ಅವನು ಹೇಳಿದ್ದ. ಅವನ ಬಾಳಿನ ನಿಜವನ್ನು ಅವನು ಒಂದೇ ಮಾತಿನಲ್ಲಿ ಹೇಳಿದ್ದ, ನಾನು ಅದನ್ನೇ ಅವನ ವಿರುದ್ಧ ಬರೆದಿದ್ದೆ. ಮುಕಾದಮ ಅಷ್ಟು ಜೋರಾಗಿ ಯಾಕೆ ನಕ್ಕ ಎಂಬುದೂ ಆಗ ಹೊಳೆಯಿತು. ಅವನಿಗೆ ಆ ಶಬ್ದದ ಎರಡೂ ಅರ್ಥ ಗೊತ್ತಿತ್ತು.

ಬಂದವಳೇ ಖಣಿಗೆ ಹೋಗಿ ಕಾಕಾನಿಗೆ ತಪ್ಪಾಯಿತೆಂದೆ. ಎರಡು ಅರ್ಥವನ್ನೂ ಬಿಡಿಸಿ ಹೇಳಿದೆ. ಅವನು ಕೈಲಿದ್ದ ಫರಶಿಯನ್ನು ಗಣ್ಣಿನಿಂದ ತಟ್ಟಿ ಕೆಳಗಿಟ್ಟ.

‘ಅಂದ್ರ, ಸರ್ಕಾರದ ಭಾಷ್ಯಾದಾಗ ಪಗಾರ ಕೊಡದೆ ದುಡಿಸಿಕೊಂಡ್ರ ಅದಕ್ಕೂ ಜೀತ ಅಂತಾರೇನ್ರಿ?’

ಹೌದೆಂದೆ.

‘ಹಂಗಿದ್ರ ಅದರಿ. ಭಾಳ ಅದ. ಈಗ ಬರಕೋರಿ.’

ನನ್ನ ಹತ್ತಿರ ಫಾರಂ ಇರಲಿಲ್ಲ. ಮಕ್ಕಳ ನೋಟ್‌ಬುಕ್ಕಿನಿಂದ ಒಂದು ಗೆರೆ ಹಾಳೆ ಹರಿದು, ಅವನು ಹೇಳಿದಂತೆ ಎಲ್ಲ ಬರೆದೆ. ಜೋಡಿಯ ಕಟ್ಟಳೆ, ಮಗಳ ಲಗ್ನ, ಅಂಗಿಯ ಸಂಗತಿ ಕೂಡ. ಶಾಲೆಯ ಸೀಲಿನ ಮಸಿಯಲ್ಲಿ ಹೆಬ್ಬೆರಳು ಒತ್ತಿಸಿದೆ. ಕಚೇರಿಯಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ನಮೂನೆಯಲ್ಲಿಲ್ಲ ಎಂದರು. ಸಮೀಕ್ಷೆ ಮುಗಿದಿದೆ ಎಂದರು. ಒಂದು ಸಲ ಇಲ್ಲ, ಒಂದು ಸಲ ಅದ ಎಂದರೆ ಯಾವುದನ್ನು ನಂಬುವುದು ಎಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ಹಾಳೆಯನ್ನು ನನಗೇ ಹಿಂದಿರುಗಿಸಿ, ಬಂದು ನೋಡುತ್ತೇವೆ ಎಂದರು.

ಬಂದರು, ಮೂರು ವಾರದ ಮೇಲೆ. ಜೀಪು ಬರುವ ಹಿಂದಿನ ದಿನವೇ ಖಣಿ ಖಾಲಿಯಾಗಿತ್ತು. ನನ್ನ ಹಾಳೆಯ ಸುದ್ದಿ ಅಲ್ಲಿಗೆ ಯಾರು ಮುಟ್ಟಿಸಿದರೋ. ಗುಡಿಸಲುಗಳ ಚಾವಣಿಯ ಕಲ್ಲು ಕೂಡ ಲಾರಿಗೆ ಹೇರಿಕೊಂಡು ಹೋಗಿದ್ದರು. ‘ಸ್ಥಳದಲ್ಲಿ ಯಾವ ಕಾರ್ಮಿಕರೂ ಕಂಡುಬರಲಿಲ್ಲ’ ಎಂದು ಪಂಚನಾಮೆ ಬರೆದು, ಸಾಕ್ಷಿ ಬೇಕೆಂದರು. ಕಂಡುಬರಲಿಲ್ಲ ಎಂಬುದು ಸುಳ್ಳಾಗಿರಲಿಲ್ಲ. ನಾನು ಸಹಿ ಮಾಡಿದೆ. ಎರಡು ಸಲ ಅವನ ಹಾಳೆಗೆ ಕೈ ಹಾಕಿದೆ, ಎರಡು ಸಲವೂ ಸುಳ್ಳಲ್ಲದ ಮಾತೇ ಅವನಿಗೆ ಮುಳುವಾಯಿತು.

ಆಮೇಲೆ ಹುಡುಕಿದೆ. ಗುಂಡಗುರ್ತಿ ಕಡೆ ಒಂದು ಖಣಿಯಲ್ಲಿದ್ದಾರೆ ಎಂದರು, ಇರಲಿಲ್ಲ. ಸೇಡಂ ದಾಟಿ ಆಡಕಿ ಹತ್ತಿರ ಎಂದರು, ಅಲ್ಲಿದ್ದವರು ಬೇರೆ ಜೋಡಿಗಳು. ಅವನ ಊರಿಗೆ ಕಾಗದ ಬರೆದೆ. ಓದುವವರು ಯಾರಿದ್ದರೋ... ವರ್ಷಗಳು ಹೋದವು. ಎಲ್ಲಾದರೂ ಫರಶಿ ಹಾಸುವವರನ್ನು ಕಂಡರೆ ಹುಬ್ಬು ನೋಡುವ ಚಾಳಿ ಮಾತ್ರ ಉಳಿಯಿತು.

ಈಗ ಆ ಹುಡುಗಿಯ ಮಾತು. ಹಿಂದೆ ನನ್ನ ಕೈಯಲ್ಲೇ ಕಲಿತವಳು, ಕಳೆದ ವಾರ ಮೊಬೈಲ್ ಚಾರ್ಜ್ ಮಾಡಿಕೊಳ್ಳಲು ಬಂದಳು. ಈಗ ಫಾರಂ ಇಲ್ಲ, ಎಲ್ಲ ಮೊಬೈಲಿನಲ್ಲೇ. ಊರ ಹೊರಗೆ ತೆಲುಗು ಮಂದಿ ದುಡಿಯುವ ಇಟ್ಟಂಗಿ ಭಟ್ಟಿ ಮುಗಿಸಿ ಬಂದಿದ್ದಳು. ಚಹಾ ಕುಡಿಯುತ್ತ ನಗತೊಡಗಿದಳು.

‘ಭಟ್ಟ್ಯಾಗ ಒಬ್ಬಾಕಿ ಭಾರಿ ಚೇಷ್ಟಿ ಮಾಡಿದಳ್ರಿ ಟೀಚರ್. ಜೀತ ಅದ ಏನವ್ವ ಅಂದ್ರ, ಜೀತ ನಿಮಗಿರ್ತದ, ನಮಗೆಲ್ಲಿಂದ ಬರಬೇಕು ಅಂದಳು. ಎಲ್ಲಾರೂ ನಕ್ಕಿದ್ದೇ ನಕ್ಕಿದ್ದು.’

ಕೈಯಲ್ಲಿದ್ದ ನೀರಿನ ಚೊಂಬು ಕೆಳಗಿಟ್ಟೆ. ಏನು ಒತ್ತಿದೆ ಎಂದು ಕೇಳಿದೆ.

‘ಇಲ್ಲ ಅಂತ ಒತ್ತೀನ್ರಿ. ಆಕೀನೇ ಅಂದಳಲ್ಲ.’

ತಿದ್ದು ಎಂದೆ. ಕಳಿಸಿದ ಮೇಲೆ ತಿದ್ದಲು ಬರುವುದಿಲ್ಲವಂತೆ. ಗಂಡಹೆಂಡತಿ ಇಬ್ಬರೂ ಕೂಡಿ ಊರಿಗೆ ಹೋಗಿ ಬರಬಹುದೇ ಎಂದು ಕೇಳಿದೆಯಾ ಎಂದೆ. ‘ಅದಕ್ಕ ಕಾಲಂ ಇಲ್ರಿ’ ಎಂದಳು. ಪೆಟ್ಟಿಗೆಯಿಂದ ಆ ಗೆರೆ ಹಾಳೆ ತೆಗೆದು ತೋರಿಸಿದೆ, ಎಲ್ಲ ಹೇಳಿದೆ. ಪಾಪ, ಹುಡುಗಿಯ ಮುಖ ಸಣ್ಣದಾಯಿತು. ಆದರೆ ಇನ್ನೂ ಮೂರು ಕಡೆ ಹೋಗುವುದಿತ್ತು, ಎದ್ದು ಹೋದಳು.

ಮರುದಿನ ಬೆಳಿಗ್ಗೆ ನಾನೇ ಆಟೋ ಮಾಡಿಕೊಂಡು ಭಟ್ಟಿಗೆ ಹೋದೆ. ಈ ಸಲ ಫಾರಂ ಬೇಡ, ನಮೂನೆ ಬೇಡ, ಪ್ರಶ್ನೆಯನ್ನಾದರೂ ಸರಿಯಾಗಿ ಕೇಳಿ ಬರೋಣವೆಂದು. ಗೇಟಿನಲ್ಲಿ ಮುಕಾದಮ ನಿಂತಿದ್ದ. ಹೊಸ ಕಾಲದ ಮುಕಾದಮ, ಕಿವಿಯಲ್ಲಿ ಇಯರ್‌ಫೋನ್, ಮಾತಿನಲ್ಲಿ ಮರ್ಯಾದೆ.

‘ಯಾರು ಬೇಕಾಗಿತ್ರಿ ಅಮ್ಮಾರ?’

ಹೆಸರು ನನಗೆ ಗೊತ್ತಿರಲಿಲ್ಲ. ‘ನಿನ್ನಿ ಸರ್ವೇಕ್ಕ ಬಂದಾಗ ನಗಸಿದಳಲ್ಲ, ಆಕಿ’ ಎಂದೆ.

‘ಓಹೋ, ಆಕೀನಾ? ಅವರವ್ವ ತೀರಿಕೊಂಡಾಳಂತ ನಿನ್ನಿ ಸಂಜಿಗೇ ಊರಿಗಿ ಹೋದಳ್ರಿ’ ಎಂದ. ನನ್ನ ಮುಖ ನೋಡಿ ಏನೆಂದುಕೊಂಡನೋ, ಸಮಾಧಾನ ಹೇಳುವವನಂತೆ ಸೇರಿಸಿದ, ‘ಗಾಬರಿ ಆಗಬ್ಯಾಡ್ರಿ, ವಾಪಸ್ ಬರ್ತಾಳ. ಗಂಡ ಇಲ್ಲೇ ಅದಾನ.’

ಮನೆಗೆ ಬಂದು ಕಲ್ಲಿನ ಮುಂದೆ ಕೂತೆ. ನಮ್ಮ ಫರಶಿ ಕಾಕಾ ಎಲ್ಲಿ ಹೋದ, ಕಾಕು ಎಲ್ಲಿ ಹೋದಳು, ಇದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ಇದ್ದರೆ ಒಂದೇ ಕಡೆ ಇದ್ದಾರೆಯೇ ಎಂಬುದೂ ಗೊತ್ತಿಲ್ಲ. ಅವನಂತೆ ಬೆರಳ ಗಣ್ಣಿನಿಂದ ಕಲ್ಲನ್ನು ತಟ್ಟಿ ನೋಡಿದೆ. ಸಪ್ಪಳ ಇನ್ನೂ ಗಟ್ಟಿಯಾಗಿಯೇ ಇತ್ತು. ಸೊಸೆ ಹಿಟ್ಟು ನಾದಿ ತಂದಳು, ನಾನು ರೊಟ್ಟಿ ಬಡಿಯತೊಡಗಿದೆ.